ಪೆನಾಂಗ್ ಬಂದರಿನಲ್ಲಿ ಒಂದು ಸೋಮಾರಿ ದಿನ

ಸಿಂಗಪುರದಿಂದ ಹೊರಡುವ ಮೂರು-ನಾಲ್ಕು ರಾತ್ರಿಯ ಕ್ರೂಸ್ ಹಡಗುಗಳ ಲಿಫ್ಟಿನಲ್ಲಿ ಕನ್ನಡ ಕಿವಿಗೆ ಬೀಳುವುದು ಈಗ ಹೊಸತೇನಲ್ಲ. ಇವುಗಳಲ್ಲಿ ಹಲವು ಒಂದು ದಿನ ಮಲೇಷ್ಯಾದ ಪೆನಾಂಗ್‌ನಲ್ಲಿ, ಇನ್ನೊಂದು ದಿನ ಥಾಯ್ಲೆಂಡಿನ ಫುಕೆಟ್‌ನಲ್ಲಿ ನಿಲ್ಲುತ್ತವೆ. ಆರಾಮವಾಗಿ ಅಡ್ಡಾಡುವ ಮನಸ್ಸಿದ್ದರೆ ನನ್ನ ಓಟು ಪೆನಾಂಗ್‌ಗೆ. ಫುಕೆಟ್‌ನ ಪಟಾಂಗ್ ಕೊಲ್ಲಿಯಲ್ಲಿ ದೊಡ್ಡ ಹಡಗು ದಡಕ್ಕೆ ಬರಲಾರದೆ ದೂರದಲ್ಲೇ ಲಂಗರು ಹಾಕುತ್ತದೆ. ಅಲ್ಲಿಂದ 'ಟೆಂಡರ್' ಎಂಬ ಸಣ್ಣ ದೋಣಿಗಳಲ್ಲಿ ಸರದಿಯ ಮೇಲೆ ಹೋಗಬೇಕು, ಬರುವಾಗಲೂ ಅದೇ ಸರದಿ. ಪೆನಾಂಗ್‌ನಲ್ಲಿ ಹಡಗು ಸ್ವೆಟೆನ್‌ಹ್ಯಾಮ್ ಪಿಯರ್‌ಗೇ ಬಂದು ಹಗ್ಗ ಕಟ್ಟಿಕೊಳ್ಳುತ್ತದೆ. ಗೇಟು ದಾಟಿದರೆ ಜಾರ್ಜ್ ಟೌನ್ ಪೇಟೆ.

ಹಡಗು ನಿಂತ ತಕ್ಷಣ ಬಾಗಿಲು ತೆರೆಯುವುದಿಲ್ಲ. ಸ್ಥಳೀಯ ಅಧಿಕಾರಿಗಳು ಕಾಗದಪತ್ರ ನೋಡಿ ಒಪ್ಪಿಗೆ ಕೊಟ್ಟ ಮೇಲೆಯೇ ಘೋಷಣೆ. ಮೊದಲ ಅರ್ಧ-ಮುಕ್ಕಾಲು ಗಂಟೆ ಟೂರ್ ಬಸ್ಸಿನವರ ನೂಕುನುಗ್ಗಲು. ಅವರು ಹೋಗಲಿ, ನೀವು ಇನ್ನೊಂದು ಕಾಫಿ ಕುಡಿಯಿರಿ. ಆದರೆ ಬಫೆಯ ಬಾಳೆಹಣ್ಣನ್ನು ಕರವಸ್ತ್ರದಲ್ಲಿ ಸುತ್ತಿ ಚೀಲಕ್ಕೆ ಸೇರಿಸಬೇಡಿ. ಹಡಗಿನ ಹಣ್ಣು, ಅಡುಗೆ ದಡಕ್ಕಿಳಿಯುವಂತಿಲ್ಲ. ಇಳಿಯುವಾಗ ಕೋಣೆಯ ಕಾರ್ಡನ್ನು ಯಂತ್ರಕ್ಕೆ ತೋರಿಸಿದರೆ ಪರದೆಯ ಮೇಲೆ ನಿಮ್ಮ ಮುಖ ಮೂಡಿ 'ಟಿಂಗ್' ಎನ್ನುತ್ತದೆ. ಯಾರು ಹೊರಗೆ, ಯಾರು ಒಳಗೆ ಎಂಬ ಲೆಕ್ಕವೆಲ್ಲ ಆ ಟಿಂಗ್‌ನಲ್ಲಿದೆ.

ಗೇಟಿನ ಹೊರಗೇ 60 ಅಡಿ ಎತ್ತರದ ಗಡಿಯಾರ ಗೋಪುರ. ವಿಕ್ಟೋರಿಯಾ ರಾಣಿಯ ಆಳ್ವಿಕೆಯ 60 ವರ್ಷಕ್ಕೆ ವರ್ಷಕ್ಕೊಂದು ಅಡಿಯಂತೆ ಕಟ್ಟಿಸಿದ್ದು. ಎರಡನೇ ಮಹಾಯುದ್ಧದ ಬಾಂಬಿನಿಂದಾಗಿ ಈಗ ಕೊಂಚ ವಾಲಿದೆ. ಅದರ ಪಕ್ಕದ ಕೋಟೆಯ ಹೆಸರು ಕಾರ್ನ್‌ವಾಲಿಸ್. ಹೌದು, 1792ರಲ್ಲಿ ಶ್ರೀರಂಗಪಟ್ಟಣವನ್ನು ಮುತ್ತಿ ಟಿಪ್ಪುವಿನ ಅರ್ಧ ರಾಜ್ಯ ಕಿತ್ತುಕೊಂಡ ಅದೇ ಮಹಾಶಯ. ಹೊರಗಿನಿಂದಲೇ ಒಂದು ನೋಟ ನೋಡಿ ಮುಂದೆ ನಡೆದರೆ ಸಾಕು.

ಹಳೇ ಪೇಟೆ 2008ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಸೆಕೆ ನಮ್ಮ ಮಂಗಳೂರಿನದೇ. ಆದರೆ ಇಲ್ಲಿನ ಸಾಲು ಅಂಗಡಿಮನೆಗಳ ಮುಂದೆ, ಮೇಲಂತಸ್ತಿನ ಕೆಳಗೆ, ಐದಡಿಯ ಜಗುಲಿಯಂಥ ದಾರಿ ಇದೆ. ಬಿಸಿಲಾಗಲಿ ಮಳೆಯಾಗಲಿ ಅದರಡಿಯಲ್ಲೇ ನಡೆಯಬಹುದು, ಯಾರೋ ಬೈಕು ನಿಲ್ಲಿಸಿದ ಕಡೆ ಮಾತ್ರ ಬೀದಿಗಿಳಿಯಬೇಕು. ಕ್ವೀನ್ ಬೀದಿಯಲ್ಲಿ 1833ರ ಮಹಾಮಾರಿಯಮ್ಮನ ಗುಡಿ, ಸುತ್ತ ಮಲ್ಲಿಗೆ ಮಾಲೆ, ತಮಿಳು ಹಾಡು. ಸಸ್ಯಾಹಾರಿಗಳ ಊಟದ ಚಿಂತೆ ಇಲ್ಲೇ ತೀರುತ್ತದೆ. ಮಾಂಸ ತಿನ್ನುವವರು 'ನಾಸಿ ಕಂದರ್' ಬಿಡಬೇಡಿ. ಕಂದರ್ ಎಂದರೆ ಹೆಗಲ ಮೇಲಿನ ಅಡ್ಡೆ. ತಮಿಳು ಮುಸ್ಲಿಮರು ಒಂದು ತುದಿಗೆ ಅನ್ನ, ಇನ್ನೊಂದಕ್ಕೆ ಸಾರು ತೂಗುಹಾಕಿ ಬಂದರಿನ ಕೂಲಿಗಳಿಗೆ ಮಾರುತ್ತಿದ್ದ ಊಟವದು.

ಮಧ್ಯಾಹ್ನಕ್ಕೆ ಒಂದು ಬಟ್ಟಲು ಚೆಂಡೋಲ್. ಮೇಲೆ ಪುಡಿ ಐಸು, ಕೆಳಗೆ ತೆಂಗಿನಹಾಲು, ಅದರಲ್ಲಿ ಹಸಿರು ಹುಳುಗಳಂತೆ ತೇಲುವ ಶ್ಯಾವಿಗೆ ಚೂರು, ನಡುವೆ ಕಪ್ಪಗೆ ಇಳಿಯುವ ತಾಳೆಬೆಲ್ಲದ ಪಾಕ. ಶ್ಯಾವಿಗೆಗೆ ಕಾಯಿಹಾಲು ಸುರಿದು ತಿಂದು ಬೆಳೆದವರಿಗೆ ಇದು ಪರದೇಶದ ತಿಂಡಿ ಅನ್ನಿಸುವುದೇ ಇಲ್ಲ. ಪೆನಾಂಗ್ ಬೆಟ್ಟ, ಕೆಕ್ ಲೋಕ್ ಸಿ ಬೌದ್ಧಾಲಯ ಎಲ್ಲವನ್ನೂ ಇದೇ ದಿನಕ್ಕೆ ತುರುಕಿದರೆ ನೆನಪಲ್ಲಿ ಉಳಿಯುವುದು ಕ್ಯೂ ಮಾತ್ರ.

ಏನೂ ನೋಡದೆ ಹಡಗಲ್ಲೇ ಉಳಿದರೂ ಮೋಸವಿಲ್ಲ. ಈಜುಕೊಳ ಖಾಲಿ, ಕುರ್ಚಿಗಾಗಿ ಜಗಳವಿಲ್ಲ. ಆದರೆ ಹಡಗು ಬಂದರಿನಲ್ಲಿರುವಷ್ಟು ಹೊತ್ತು ಸುಂಕದ ನಿಯಮದಿಂದಾಗಿ ಒಳಗಿನ ಡ್ಯೂಟಿ ಫ್ರೀ ಅಂಗಡಿಗಳಿಗೆ ಸಾಮಾನ್ಯವಾಗಿ ಬೀಗ.

ಇಡೀ ದಿನದಲ್ಲಿ ಬಿಗಿಯಾದ ನಿಯಮ ಒಂದೇ: ಹಡಗಿನ ಸಮಯ. ಪೆನಾಂಗ್, ಸಿಂಗಪುರ ಎರಡಕ್ಕೂ ಗಡಿಯಾರ ಒಂದೇ. ಥಾಯ್ಲೆಂಡ್ ಒಂದು ಗಂಟೆ ಹಿಂದೆ. ಅಲ್ಲಿ ಫೋನು ತಾನಾಗಿ ಥಾಯ್ ಸಮಯಕ್ಕೆ ಹೊರಳಿ 4 ತೋರಿಸುವಾಗ ಹಡಗಿನ ಗಡಿಯಾರದಲ್ಲಿ 5 ಆಗಿರಬಹುದು. ಮಾಮೂಲಿ ಕೈಗಡಿಯಾರವೇ ವಾಸಿ. 'ಎಲ್ಲರೂ ಹಡಗಿನಲ್ಲಿರಬೇಕು' ಎಂದು ಹೇಳುವ ಹೊತ್ತು ಹೊರಡುವ ಹೊತ್ತಿಗಿಂತ ಅರ್ಧ-ಒಂದು ಗಂಟೆ ಮುಂಚಿನದು. ಹಡಗಿನವರೇ ನಡೆಸುವ ಟೂರ್ ತಡವಾದರೆ ಅದರ ಹೊಣೆ ಅವರದು. ಸ್ವಂತವಾಗಿ ಸುತ್ತಲು ಹೋದವರಿಗೆ ಕಾಯುವುದಿಲ್ಲ; ಹಡಗಿನ ಪೈಲಟ್, ಮುಂದಿನ ಬಂದರಿನ ಜಾಗ ಎಲ್ಲವೂ ಹೊತ್ತಿಗೆ ಗೊತ್ತುಮಾಡಿದ್ದು. ತಪ್ಪಿಸಿಕೊಂಡವರು ಸ್ವಂತ ಖರ್ಚಿನಲ್ಲಿ ಮುಂದಿನ ಬಂದರು ಸೇರಬೇಕು. ಹಾಗಾಗಿ ಬಂದರು ಏಜೆಂಟರ ಫೋನ್ ನಂಬರಿರುವ ದಿನಚರಿ ಹಾಳೆಯ ಫೋಟೊ ತೆಗೆದಿಟ್ಟುಕೊಳ್ಳಿ. ಸಿಂಗಪುರದ ವೀಸಾ ಮರುಪ್ರವೇಶಕ್ಕೂ ನಡೆಯುವಂಥದ್ದೇ ಎಂದು ಮನೆಯಲ್ಲೇ ನೋಡಿಕೊಂಡಿರಬೇಕು, ಏಕೆಂದರೆ ಪ್ರವಾಸ ಮುಗಿಯುವುದೂ ಅಲ್ಲೇ.

ಹತ್ತುವಾಗ ಮತ್ತೆ ಟಿಂಗ್, ಚೀಲಕ್ಕೆ ಎಕ್ಸ್-ರೇ. ಕೊಂಡ ಮದ್ಯವನ್ನು ಸಾಮಾನ್ಯವಾಗಿ ತೆಗೆದಿಟ್ಟು ಕೊನೆಗೆ ಕೊಡುತ್ತಾರೆ, ದುರಿಯನ್ ಹಣ್ಣಿಗೆ ಪ್ರವೇಶವೇ ಇಲ್ಲ. ಬೇಗ ಬಂದವರು ಮೇಲಿನ ಡೆಕ್ಕಿನ ಕಟಕಟೆಗೆ ಒರಗಿ ಕೆಳಗೆ ನೋಡುತ್ತ ನಿಲ್ಲುತ್ತಾರೆ. ಕೊನೇ ಗಳಿಗೆಯಲ್ಲಿ ಚೀಲ ಹಿಡಿದು ಓಡಿಬರುವವರಿಗೆ ಕ್ರೂಸ್ ಮಂದಿ 'ಪಿಯರ್ ರನ್ನರ್' ಎನ್ನುತ್ತಾರೆ. ಒಬ್ಬ ಒಳಬಂದರೆ ಮೇಲಿನಿಂದ ಚಪ್ಪಾಳೆ, ಶಿಳ್ಳೆ. ಅಷ್ಟರಲ್ಲಿ ಕೆಳಗಿನ ಕೆಲಸಗಾರರು ಹಗ್ಗದ ಕುಣಿಕೆ ಬಿಚ್ಚಿ ನೀರಿಗೆ ಬಿಟ್ಟಿರುತ್ತಾರೆ.