ಒನಕೆ ಏಟು, ಬಿದಿರು ಕಾಡಿನ ಕತ್ತಿ: ಫೈಟ್ ಸೀನ್ ನಂಬಿಸೋದು ಹೇಗೆ?

ಇಯರ್‌ಫೋನ್ ಹಾಕ್ಕೊಂಡ್ರಾ? ಇವತ್ತಿನ ಸಂಚಿಕೆ ಫೈಟ್ ಸೀನ್‌ಗಳ ಬಗ್ಗೆ.

ಹೋದ ತಿಂಗಳು ಹಿರಿಯೂರಿನ ಒಬ್ಬ, ಹೊಳಲ್ಕೆರೆಯ ಇನ್ನೊಬ್ಬ, ನಾನು, ಮೂರೂ ಜನ ಚಿತ್ರದುರ್ಗದ ಕೋಟೆಗೆ ಹೋಗಿದ್ವಿ. ಬಂಡೆ ಮೇಲಿಂದ ಜಿಗಿಯೋ ರೀಲ್ ಮಾಡೋ ಪ್ಲಾನ್. ಮೊದಲ ಟೇಕ್‌ನಲ್ಲೇ ಒಬ್ಬನ ಕಾಲು ಉಳುಕಿತು. ಇನ್ನೊಂದು ಅಡಿ ಆಚೆ ಬಿದ್ದಿದ್ರೆ ಏನಾಗ್ತಿತ್ತು ಅಂತ ನೆನೆಸ್ಕೊಂಡು ರಾತ್ರಿ ನಿದ್ದೆ ಬರಲಿಲ್ಲ. ಹಾಗಾದ್ರೆ ಸಿನಿಮಾದವರು ಇದನ್ನ ಹೇಗೆ ಮಾಡ್ತಾರೆ?

ಉತ್ತರ ಅದೇ ಕೋಟೆಯಲ್ಲಿದೆ. 1972ರಲ್ಲಿ ಪುಟ್ಟಣ್ಣ ಕಣಗಾಲ್ ನಮ್ಮ ದುರ್ಗದ ಕಥೆಗಾರ ತ.ರಾ.ಸು. ಅವರ ಕಾದಂಬರಿಗಳನ್ನು ಆಧರಿಸಿ 'ನಾಗರಹಾವು' ಮಾಡಿದರು. ಅದರಲ್ಲಿ ಜಯಂತಿ ಒನಕೆ ಓಬವ್ವನಾಗಿ ಬರ್ತಾರೆ. ಕಥೆ ನಿಮಗೆ ಗೊತ್ತು: ಗಂಡ ಊಟಕ್ಕೆ ಕೂತಿದ್ದಾನೆ, ನೀರು ತರೋಕೆ ಹೋದ ಓಬವ್ವನಿಗೆ ಕಿಂಡಿಯಲ್ಲಿ ಹೈದರಾಲಿಯ ಸೈನಿಕರು ನುಸುಳೋದು ಕಾಣ್ಸುತ್ತೆ. ಕೈಗೆ ಸಿಕ್ಕಿದ್ದು ಒನಕೆ.

ಇಲ್ಲಿ ಜಾಗವೇ ಅರ್ಧ ಫೈಟ್ ಮಾಸ್ಟರ್. ಕಿಂಡಿ ಕಿರಿದು, ಒಬ್ಬೊಬ್ಬನೇ ಬಗ್ಗಿ ಬರಬೇಕು. ಹಾಗಾಗಿ ಒಬ್ಬ ಹೆಂಗಸು ಅಷ್ಟು ಜನರನ್ನು ಹೊಡೆದಳು ಅಂದ್ರೆ ನಾವು ನಂಬ್ತೀವಿ. ಅದೇ ಫೈಟು ಬಯಲಲ್ಲಿ ಆಗಿದ್ರೆ ನಂಬ್ತಿದ್ವಾ? ಜೊತೆಗೆ ಪುಟ್ಟಣ್ಣ ಇಡೀ ಘಟನೆಯನ್ನ ಪಿ.ಬಿ. ಶ್ರೀನಿವಾಸ್ ಹಾಡಿನ ಮೇಲೆ ಕೂರಿಸಿದರು. ಏಟಿಗೆ ತಾಳ ಸಿಕ್ಕಿತು.

ಇದೇ ಹೊತ್ತಿಗೆ ಅತ್ತ ಹಾಂಗ್‌ಕಾಂಗ್, ತೈವಾನ್‌ನಲ್ಲಿ ಕಿಂಗ್ ಹೂ ಅನ್ನೋ ನಿರ್ದೇಶಕ ಚೀನಾದ ಹಳೇ ರಾಜರ ಕಾಲದ ಕತ್ತಿವರಸೆ ಸಿನಿಮಾ ಮಾಡ್ತಿದ್ದ. ಈ ಜಾತಿಯ ಚಿತ್ರಗಳಿಗೆ ವೂಶಿಯಾ ಅಂತಾರೆ. 1966ರ 'ಕಮ್ ಡ್ರಿಂಕ್ ವಿತ್ ಮೀ' ಚಿತ್ರಕ್ಕೆ ಅವನು ಆರಿಸಿದ ನಾಯಕಿ ಚೆಂಗ್ ಪೇ-ಪೇ ಕಲಿತಿದ್ದು ಡ್ಯಾನ್ಸ್. ಫೈಟ್ ಹೇಳಿಕೊಟ್ಟ ಹಾನ್ ಯಿಂಗ್‌ಜೀ ಬಂದಿದ್ದು ಪೀಕಿಂಗ್ ಆಪೆರಾದಿಂದ. ಬ್ರೂಸ್ ಲೀಯ 'ದಿ ಬಿಗ್ ಬಾಸ್' ವಿಲನ್ ಇವನೇ! ಆ ಆಪೆರಾದಲ್ಲಿ ಯುದ್ಧ ನಡೆಯೋದು ತಾಳವಾದ್ಯದ ಪೆಟ್ಟಿಗೆ. ನಮ್ಮ ಮೂಡಲಪಾಯ ನೋಡಿದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

1971ರ 'ಎ ಟಚ್ ಆಫ್ ಝೆನ್' ಚಿತ್ರದ ಬಿದಿರು ಕಾಡಿನ ಫೈಟ್ ಹುಡುಕಿ ನೋಡಿ. ಜಿಗಿಯೋದು ಒಂದು ಶಾಟ್, ಗಾಳಿಯಲ್ಲಿ ತೇಲೋದು ಇನ್ನೊಂದು, ಇಳಿಯೋದು ಮತ್ತೊಂದು. ಚಿಮ್ಮೋಕೆ ಟ್ರ್ಯಾಂಪೊಲಿನ್, ಸೇರಿಸೋಕೆ ಎಡಿಟಿಂಗ್. ಯಾರೂ ಒಂದೇ ಉಸಿರಿಗೆ ಅಷ್ಟು ಎತ್ತರ ಹಾರಿಲ್ಲ. ಈ ಚಿತ್ರಕ್ಕೆ 1975ರಲ್ಲಿ ಕಾನ್ ಚಿತ್ರೋತ್ಸವದ ತಾಂತ್ರಿಕ ಪ್ರಶಸ್ತಿ ಬಂತು.

ನಾನು ಬಿ.ಕಾಂ. ಓದಿದವನು, ಹಾಗಾಗಿ ಲೆಕ್ಕದ ಭಾಷೆಯಲ್ಲೇ ಹೇಳ್ತೀನಿ. ಫೈಟ್ ಕೊರಿಯೋಗ್ರಫಿ ಅಂದ್ರೆ ಡಬಲ್ ಎಂಟ್ರಿ. ಹೊಡೆಯೋನು ಡೆಬಿಟ್, ಬೀಳೋನು ಕ್ರೆಡಿಟ್. ಕೈ ಮುಖಕ್ಕೆ ತಾಗೋದೇ ಇಲ್ಲ, ಮಧ್ಯದ ಗ್ಯಾಪ್ ಕಾಣದ ಕಡೆ ಕ್ಯಾಮೆರಾ ಇರುತ್ತೆ. ಬೀಳೋನು ಸರಿಯಾದ ಕ್ಷಣಕ್ಕೆ ತಲೆ ತಿರುಗಿಸದಿದ್ರೆ ಹೀರೋ ಏಟಿಗೆ ಬೆಲೆನೇ ಇಲ್ಲ. ಅಂದ್ರೆ ಅರ್ಧ ಫೈಟ್ ಮಾಡೋನು ನಾವು ಹೆಸರೂ ಕೇಳದ ಫೈಟರ್.

ಈ ಲೆಕ್ಕ ತಪ್ಪಿದ್ರೆ ಹೋಗೋದು ಜೀವ. 2016ರ ನವೆಂಬರ್ 7ರಂದು 'ಮಾಸ್ತಿಗುಡಿ' ಶೂಟಿಂಗ್‌ನಲ್ಲಿ ಹೆಲಿಕಾಪ್ಟರ್‌ನಿಂದ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಜಿಗಿದ ನಟರಾದ ಅನಿಲ್, ಉದಯ್ ವಾಪಸ್ ಬರಲಿಲ್ಲ. ಜಿಗಿತ ನಿಜವಾಗಿತ್ತು, ಕಾಪಾಡೋ ವ್ಯವಸ್ಥೆ ಸಾಲದಾಗಿತ್ತು.

ನಮ್ಮ ರೀಲ್ ಮತ್ತೆ ಮಾಡಿದ್ವಿ. ಈ ಸಲ ಹೊಸದುರ್ಗದ ಗೆಳೆಯನ ಮನೆ ಅಂಗಳದಲ್ಲಿ. ಕೆಳಗೆ ಹಾಸಿಗೆ, ಎರಡಡಿ ಎತ್ತರ, ಮೂರು ಶಾಟ್. ನೋಡಿದವರೆಲ್ಲ ಕೇಳಿದ್ದು, 'ಅಷ್ಟು ಮೇಲಿಂದ ಹೆಂಗೋ ಹಾರ್ದೆ?'

ಓಬವ್ವನ ಕಿಂಡಿಗೆ ಹೋದ್ರೆ ಒಮ್ಮೆ ಬಗ್ಗಿ ನುಸುಳಿ ನೋಡಿ. ಬಂಡೆ ಮೇಲಿಂದ ಮಾತ್ರ ಜಿಗೀಬೇಡಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.