ಗಣಕದ ಕೈಪಿಡಿಗೆ ಕನ್ನಡದ ನುಡಿ

ಹೊಲಿಗೆ ಯಂತ್ರ ಕೊಂಡರೆ ಜೊತೆಯಲ್ಲೊಂದು ಕೈಪಿಡಿ ಬರುತ್ತದೆ. ಗಣಕದ ತಂತ್ರಾಂಶಕ್ಕೂ ಅಂಥ ಕೈಪಿಡಿ ಉಂಟು. ಆದರೆ ಅದು ಹೆಚ್ಚಾಗಿ ಇಂಗ್ಲಿಷಿನಲ್ಲಿರುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದ ವಿದ್ಯಾರ್ಥಿಗೆ ವಿಷಯಕ್ಕಿಂತ ಮೊದಲು ಭಾಷೆಯೇ ತೊಡಕಾಗುತ್ತದೆ.

ಮುಕ್ತ ತಂತ್ರಾಂಶಗಳ ಮಟ್ಟಿಗೆ ಇದಕ್ಕೆ ಪರಿಹಾರ ಬಳಸುವವರ ಕೈಯಲ್ಲೇ ಇದೆ. 1983ರಲ್ಲಿ ರಿಚರ್ಡ್ ಸ್ಟಾಲ್ಮನ್ ಘೋಷಿಸಿದ ಗ್ನೂ ಯೋಜನೆಯಿಂದ ಬೆಳೆದ ಈ ಪದ್ಧತಿಯಲ್ಲಿ ತಂತ್ರಾಂಶವನ್ನು ಯಾರು ಬೇಕಾದರೂ ತೆರೆದು ನೋಡಬಹುದು, ತಿದ್ದಬಹುದು, ಹಂಚಬಹುದು. ಅವುಗಳ ಕೈಪಿಡಿಗಳೂ ಸಾಮಾನ್ಯವಾಗಿ ಮುಕ್ತ ಪರವಾನಗಿಯಲ್ಲೇ ಇರುವುದರಿಂದ ಅನುವಾದಕ್ಕೆ ಅಡ್ಡಿಯಿಲ್ಲ. ಈ ಕೆಲಸದಲ್ಲಿ ತೊಡಗಿರುವ ಬಹುಪಾಲು ಮಂದಿ ಸ್ವಯಂಸೇವಕರು.

ಬೇಕಾದ ಅರ್ಹತೆ

ಅನುವಾದಕ್ಕೆ ಪ್ರೋಗ್ರಾಮ್ ಬರೆಯಲು ಬರಬೇಕೆಂಬುದು ತಪ್ಪು ತಿಳಿವಳಿಕೆ. ಇಂಗ್ಲಿಷ್ ಓದಿ ಅರ್ಥ ಮಾಡಿಕೊಳ್ಳುವ ಶಕ್ತಿ, ಸರಳ ಕನ್ನಡ ಬರೆಯುವ ಅಭ್ಯಾಸ, ಆ ತಂತ್ರಾಂಶವನ್ನು ಬಳಸಿದ ಅನುಭವ ಇವು ಮೂರಿದ್ದರೆ ಸಾಕು. ಅನೇಕ ಯೋಜನೆಗಳು ಪಠ್ಯವನ್ನು ‘ಪಿಓ’ ಎಂಬ ಕಡತಗಳಲ್ಲಿ ತುಂಡುತುಂಡಾಗಿ ಒದಗಿಸುತ್ತವೆ. ಮೇಲೆ ಮೂಲ ವಾಕ್ಯ, ಕೆಳಗೆ ಅನುವಾದಕ್ಕೆ ಖಾಲಿ ಜಾಗ.

ಎಚ್ಚರ ವಹಿಸಬೇಕಾದ ಸಂಗತಿಗಳು ಕೆಲವಿವೆ. ಪರದೆಯ ಮೇಲೆ ‘ಉಳಿಸು’ ಎಂದಿದ್ದರೆ ಕೈಪಿಡಿಯಲ್ಲಿ ‘ಸಂಗ್ರಹಿಸು’ ಎಂದು ಬರೆಯಬಾರದು. ಓದುಗ ಆ ಗುಂಡಿಯನ್ನು ಹುಡುಕುತ್ತಲೇ ಇರುತ್ತಾನೆ. ಪೈಥಾನ್ ಭಾಷೆಯ ‘ಪ್ರಿಂಟ್’ನಂಥ ಆದೇಶಗಳನ್ನು ಅನುವಾದಿಸಬಾರದು, ಯಂತ್ರಕ್ಕೆ ಗೊತ್ತಿರುವುದು ಆ ಇಂಗ್ಲಿಷ್ ಕಾಗುಣಿತ ಮಾತ್ರ.

ಪರದೆಯ ಸಂದೇಶಗಳಲ್ಲಿ ಕನ್ನಡಕ್ಕೆ ತೊಡಕೊಂದಿದೆ. ಹೆಸರು ಬರಬೇಕಾದ ಕಡೆ ಒಂದು ಗುರುತು ಮಾತ್ರ ಇರುತ್ತದೆ. ಗಣಕ ಆಮೇಲೆ ಅಲ್ಲಿ ಹೆಸರು ತುಂಬುತ್ತದೆ. ಅದು ‘ಚಿತ್ರ’ ಆದರೆ ‘ಚಿತ್ರಕ್ಕೆ’, ‘ಕವಿತೆ’ ಆದರೆ ‘ಕವಿತೆಗೆ’. ಯಾವ ಹೆಸರು ಬರುತ್ತದೆಂದು ತಿಳಿಯದೆ ವಿಭಕ್ತಿ ಪ್ರತ್ಯಯ ಹಚ್ಚುವುದು ಹೇಗೆ? ‘ಎಂಬ ಕಡತಕೋಶಕ್ಕೆ’ ಎಂದು ಬರೆದರೆ ಯಾವ ಹೆಸರು ಬಂದರೂ ವಾಕ್ಯ ಕೆಡದು.

ಹೊಸಬರಿಗೆ ಆಸರೆ

ಹೊಸಬರ ಕೈಗೆ ಇನ್ನೂರು ಪುಟ ಕೊಟ್ಟರೆ ಅವರು ಮರುದಿನ ಬರಲಾರರು. ಹತ್ತು ವಾಕ್ಯ ಕೊಟ್ಟು, ಅನುಭವಿಯೊಬ್ಬರು ಬೇಗನೆ ತಿದ್ದಿ, ತಿದ್ದಿದ್ದೇಕೆಂದು ಹೇಳಿದರೆ ಹುರುಪು ಉಳಿಯುತ್ತದೆ. ಪೈಥಾನ್ ಬಳಗ 2017ರಲ್ಲಿ ರೂಪಿಸಿದ ಕ್ರಮವೂ ಇಂಥ ಹಂತಹಂತದ ದಾರಿಯದೇ. ಅಧಿಕೃತ ತಾಣದ ಭಾಷಾಪಟ್ಟಿಗೆ ಹೊಸ ಭಾಷೆಯೊಂದು ಸೇರಲು ಸಮಗ್ರ ಅನುವಾದ ಬೇಕಿಲ್ಲ. ಆರಂಭಿಕ ಪಾಠಗಳ ಜೊತೆಗೆ ನಿಗದಿಯಾದ ಕೆಲವೇ ಪುಟಗಳು ಸಿದ್ಧವಾಗಿದ್ದರೆ ಸಾಕು.

ಅನುವಾದ ಮುಗಿದ ಮೇಲೆ ಮನೆಯಲ್ಲೇ ಪರೀಕ್ಷೆ ಮಾಡಬಹುದು. ತಂತ್ರಾಂಶ ತಿಳಿಯದ ತಂದೆಯನ್ನೋ ತಂಗಿಯನ್ನೋ ಗಣಕದ ಮುಂದೆ ಕೂರಿಸಿ, ಕನ್ನಡ ಪುಟವನ್ನಷ್ಟೇ ಕೊಡಬೇಕು. ಅವರು ತಡವರಿಸಿದ ಕಡೆ ತಿದ್ದುಪಡಿ ಬೇಕು. ರಜೆಯಲ್ಲಿ ದಿನಕ್ಕೆ ಐದು ವಾಕ್ಯದಂತೆ ಬರೆದರೂ ತಿಂಗಳಿಗೆ ನೂರೈವತ್ತು ವಾಕ್ಯಗಳಾಗುತ್ತವೆ. ವಿದ್ಯಾರ್ಥಿಯ ಇಂಗ್ಲಿಷ್, ಕನ್ನಡ, ಗಣಕ ಜ್ಞಾನ ಮೂರೂ ಅದರಿಂದ ಬೆಳೆಯುತ್ತವೆ. ಮುಂದೆ ಕಲಿಯುವ ಇನ್ನೊಬ್ಬ ಹುಡುಗಿಗೆ ತನ್ನ ಭಾಷೆಯಲ್ಲೇ ಒಂದು ಪುಟ ಸಿಗುತ್ತದೆ.