ಹಿಸ್ಟರಿ ಅಳಿಸಿದ ಮೇಲೆ ಉಳಿಯುವುದೇನು?

ಮೊಬೈಲ್‌ನಲ್ಲಿ ಕ್ರೋಮ್ ತೆರೆದು ಒಂದು ಪುಟ ನೋಡಿದ ಕೂಡಲೇ ಫೋನಿನೊಳಗಿನ ಹಿಸ್ಟರಿ ಎಂಬ ಕಡತಕ್ಕೆ ಹೊಸ ಸಾಲು ಸೇರುತ್ತದೆ. ಪುಟದ ವಿಳಾಸ, ಅದರ ಶೀರ್ಷಿಕೆ, ಈವರೆಗೆ ಎಷ್ಟು ಸಲ ಅಲ್ಲಿಗೆ ಹೋಗಿದ್ದೀರಿ, ಅದರಲ್ಲಿ ಎಷ್ಟು ಸಲ ವಿಳಾಸವನ್ನು ನೀವೇ ಟೈಪ್ ಮಾಡಿದ್ದೀರಿ, ಕೊನೆಯ ಸಲ ಹೋದದ್ದು ಯಾವಾಗ, ಇಷ್ಟೂ ಆ ಸಾಲಿನಲ್ಲಿರುತ್ತದೆ. ಪಕ್ಕದ ಇನ್ನೊಂದು ಪಟ್ಟಿಯಲ್ಲಿ ಪ್ರತಿ ಭೇಟಿಗೂ ಬೇರೆ ದಾಖಲೆ: ಯಾವ ಪುಟದಿಂದ ಇಲ್ಲಿಗೆ ಬಂದಿರಿ, ಎಷ್ಟು ಹೊತ್ತು ಇದ್ದಿರಿ. ಸಮಯವನ್ನು ಅದು 1601ರ ಜನವರಿ 1ರಿಂದ ಕಳೆದ ಮೈಕ್ರೋಸೆಕೆಂಡುಗಳಲ್ಲಿ, ಅಂದರೆ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗದ ಲೆಕ್ಕದಲ್ಲಿ, ಬರೆದಿಡುತ್ತದೆ. ರಾತ್ರಿ ಹನ್ನೊಂದೂವರೆಗೆ ‘ಎದೆಯಲ್ಲಿ ಗಂಟು’ ಎಂದು ಹುಡುಕಿ, ಅಲ್ಲಿಂದ ಒಂದು ಆಸ್ಪತ್ರೆಯ ಪುಟಕ್ಕೆ ಹೋಗಿ, ಅಲ್ಲಿಂದ ಚಿಕಿತ್ಸೆಯ ಖರ್ಚಿನ ಪುಟಕ್ಕೆ ಹೋದ ಹೆಣ್ಣುಮಗಳೊಬ್ಬಳ ದಿಗಿಲೆಲ್ಲ ಅಲ್ಲಿ ಮೂರು ಸಾಲುಗಳಲ್ಲಿ ಇರುತ್ತದೆ. ಮನೆಯಲ್ಲಿ ಯಾರ ಮುಂದೆಯೂ ಬಾಯಿಬಿಡದ ಮಾತನ್ನು ಅವಳು ಈ ಕಡತಕ್ಕೆ ಹೇಳಿರುತ್ತಾಳೆ.

ಹಿಸ್ಟರಿ ಅಳಿಸುವವರೆಂದರೆ ಏನೋ ಮುಚ್ಚಿಡುವವರು ಎಂಬ ಅನುಮಾನ ನಮ್ಮಲ್ಲಿ ಬಲವಾಗಿದೆ. ಅದು ಅನ್ಯಾಯದ ಅನುಮಾನ. ನಮ್ಮ ಎಷ್ಟೋ ಮನೆಗಳಲ್ಲಿ ಫೋನು ಒಬ್ಬರ ಸ್ವತ್ತಲ್ಲ. ಮಕ್ಕಳು ವಿಡಿಯೊ ನೋಡುತ್ತಾರೆ, ಮೈದುನ ಬಸ್ ಟಿಕೆಟ್ ತೆಗೆಯುತ್ತಾನೆ, ಅತ್ತೆ ಮಗಳಿಗೆ ಕರೆ ಮಾಡುತ್ತಾರೆ. ಭಾರತ, ಪಾಕಿಸ್ತಾನ ಮತ್ತು ಬಾಂಗ್ಲಾದೇಶದ ಸುಮಾರು 200 ಮಹಿಳೆಯರನ್ನು ಮಾತನಾಡಿಸಿ ನಿತ್ಯಾ ಸಾಂಬಶಿವನ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದೇ ಚಿತ್ರ ಇದೆ. ಕೇಳಿದಾಗ ಫೋನ್ ಕೊಡಲೇಬೇಕಾದ ಆ ಹೆಂಗಸರು ಆ್ಯಪ್‌ಗಳಿಗೆ ಬೀಗ ಹಾಕುವುದು, ಖಾಸಗಿ ಕಿಟಕಿಯಲ್ಲಿ ಹುಡುಕುವುದು, ಆಯ್ದ ಸಾಲುಗಳನ್ನಷ್ಟೇ ಅಳಿಸುವುದು ಮೊದಲಾದ ದಾರಿ ಕಂಡುಕೊಂಡಿದ್ದರು.

ಆಯ್ದ ಸಾಲನ್ನಷ್ಟೇ ಅಳಿಸುವುದು ಸುಲಭ. ಕ್ರೋಮ್‌ನ ಮೂರು ಚುಕ್ಕಿ ಒತ್ತಿ, ಹಿಸ್ಟರಿಗೆ ಹೋಗಿ, ಬೇಡದ ಸಾಲಿನ ಪಕ್ಕದ ಗುರುತನ್ನು ಒತ್ತಿದರೆ ಮುಗಿಯಿತು. ಪೂರ್ತಿ ಖಾಲಿಯಾದ ಪಟ್ಟಿಯೇ ಪ್ರಶ್ನೆಗೆ ಕಾರಣವಾಗುವ ಮನೆಗಳಲ್ಲಿ ಇದೇ ಜಾಣತನ. ಎಲ್ಲವನ್ನೂ ತೆಗೆಯುವುದಾದರೆ ಕಳೆದ 15 ನಿಮಿಷದಿಂದ ಹಿಡಿದು ಆರಂಭದವರೆಗೆ ಅವಧಿ ಆರಿಸಿಕೊಳ್ಳಬಹುದು. ಆಗ ಹಿಸ್ಟರಿಯ ಜೊತೆಗೆ ಇನ್ನೆರಡು ಚೌಕಗಳು ಕಾಣುತ್ತವೆ. ಒಂದು ಕುಕಿ: ನೀವು ಯಾರೆಂದು ನೆನಪಿಡಲು ಜಾಲತಾಣವು ನಿಮ್ಮ ಫೋನಿನಲ್ಲಿ ಇಟ್ಟುಹೋಗುವ ಚೀಟಿ. ನೆಟ್‌ಸ್ಕೇಪ್ ಕಂಪನಿಯಲ್ಲಿದ್ದ ಲೂ ಮಾಂಟುಲಿ 1994ರಲ್ಲಿ ಇದನ್ನು ರೂಪಿಸಿದರು. ಕುಕಿ ಅಳಿಸಿದರೆ ಲಾಗಿನ್ ಆಗಿದ್ದ ಹೆಚ್ಚಿನ ತಾಣಗಳಿಂದ ಹೊರಬೀಳುತ್ತೀರಿ. ಇನ್ನೊಂದು ಕ್ಯಾಶ್: ಪುಟ ಬೇಗ ತೆರೆಯಲೆಂದು ಉಳಿಸಿಟ್ಟ ಚಿತ್ರ ಮತ್ತು ಕಡತಗಳು. ಜಾಗ ಸಾಲದಿದ್ದಾಗ ಇದನ್ನು ಅಳಿಸಿದರೆ ಸಾಕು.

ಹಿಸ್ಟರಿಗೆ ಇನ್ನೊಂದು ಅಪಾಯವಿತ್ತು, ಅದು ಬಹಳ ಜನಕ್ಕೆ ಗೊತ್ತಿಲ್ಲ. ಒಮ್ಮೆ ಹೋಗಿ ಬಂದ ಕೊಂಡಿಯ ಬಣ್ಣ ನೀಲಿಯಿಂದ ನೇರಳೆಗೆ ತಿರುಗುತ್ತದೆ ಅಲ್ಲವೇ? ಯಾವುದೋ ತಾಣವು ಕಣ್ಣಿಗೆ ಬೀಳದಂತೆ ಸಾವಿರಾರು ಕೊಂಡಿಗಳನ್ನು ಪುಟದಲ್ಲಿ ಸೇರಿಸಿ, ಯಾವುದು ನೇರಳೆಯಾಗಿದೆ ಎಂದು ಬ್ರೌಸರನ್ನೇ ಕೇಳಿ ನಿಮ್ಮ ಓಡಾಟವನ್ನು ತಿಳಿದುಕೊಳ್ಳಬಹುದಿತ್ತು. ಮೊಜಿಲ್ಲಾದ ಎಲ್. ಡೇವಿಡ್ ಬ್ಯಾರನ್ 2010ರಲ್ಲಿ ಇದಕ್ಕೊಂದು ಪರಿಹಾರ ಮುಂದಿಟ್ಟರು. ಬಣ್ಣ ಯಾವುದೆಂದು ತಾಣ ಕೇಳಿದರೆ ಬ್ರೌಸರ್ ಯಾವಾಗಲೂ ‘ನೀಲಿ’ ಎಂದೇ ಉತ್ತರಿಸಬೇಕು, ನೇರಳೆ ಬಣ್ಣ ನಿಮ್ಮ ಕಣ್ಣಿಗೆ ಮಾತ್ರ. ಆಮೇಲೂ ಸಂದುಗಳು ಉಳಿದಿದ್ದವು. ಒಂದು ತಾಣದಲ್ಲಿ ಒತ್ತಿದ ಕೊಂಡಿ ಇನ್ನೊಂದು ತಾಣದಲ್ಲಿ ನೇರಳೆಯಾಗದಂತೆ ಕ್ರೋಮ್ ಬದಲಾದದ್ದು 2025ರಲ್ಲಿ.

ಈಗ ಅಳಿಸುವ ಗುಂಡಿಗೆ ಬರೋಣ. ಒತ್ತಿದ ಮೇಲೆ ಆ ಸಾಲು ನಿಜವಾಗಿ ಎಲ್ಲಿಗೆ ಹೋಗುತ್ತದೆ?

ಹಿಸ್ಟರಿಯ ಕಡತವನ್ನು ನೋಡಿಕೊಳ್ಳುವುದು ಎಸ್‌ಕ್ಯೂಲೈಟ್ ಎಂಬ ಪುಟ್ಟ ದತ್ತಾಂಶ ತಂತ್ರಾಂಶ. ರಿಚರ್ಡ್ ಹಿಪ್ 2000ದಲ್ಲಿ ಬರೆದು ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟ ಇದು ಇಂದು ಪ್ರತಿಯೊಂದು ಸ್ಮಾರ್ಟ್‌ಫೋನಿನಲ್ಲೂ ಇದೆ. ಸಾಲೊಂದನ್ನು ಅಳಿಸು ಎಂದರೆ ಅದು ಸಾಮಾನ್ಯವಾಗಿ ಮಾಡುವುದು ಇಷ್ಟೇ: ‘ಈ ಜಾಗ ಇನ್ನು ಖಾಲಿ, ಬೇಕಾದಾಗ ಬಳಸಬಹುದು’ ಎಂದು ಗುರುತು ಹಾಕುವುದು. ಅಕ್ಷರಗಳು ಅಲ್ಲೇ ಇರುತ್ತವೆ, ಹೊಸದೇನಾದರೂ ಮೇಲೆ ಬಂದು ಕೂರುವವರೆಗೆ. ಇದು ಸಾಲದೆಂದು ಕ್ರೋಮ್ ಮತ್ತು ಫೈರ್‌ಫಾಕ್ಸ್ ಎರಡೂ ಅಳಿಸಿದ ಜಾಗಕ್ಕೆ ಸೊನ್ನೆ ತುಂಬುವ ವ್ಯವಸ್ಥೆಯೊಂದಿಗೇ ಎಸ್‌ಕ್ಯೂಲೈಟ್ ಅನ್ನು ಬಳಸುತ್ತವೆ. ತಂತ್ರಾಂಶದ ಮಟ್ಟದಲ್ಲಿ ಕೆಲಸ ಅಚ್ಚುಕಟ್ಟಾಗಿಯೇ ಆಗುತ್ತದೆ.

ಆದರೆ ಆ ಸೊನ್ನೆಗಳು ಬೀಳುವುದು ಹಳೆಯ ಅಕ್ಷರಗಳ ಮೇಲೆ ಅಲ್ಲ. ಫೋನಿನ ಸಂಗ್ರಹವೆಲ್ಲ ಫ್ಲ್ಯಾಶ್ ಮೆಮೊರಿ. ತೋಷಿಬಾದ ಫುಜಿಯೊ ಮಸುವೊಕಾ 1980ರ ದಶಕದಲ್ಲಿ ಕಂಡುಹಿಡಿದ ಈ ಚಿಪ್‌ನಲ್ಲಿ ಒಂದೊಂದು ಕೋಶವೂ ಎಲೆಕ್ಟ್ರಾನುಗಳನ್ನು ಕೂಡಿಟ್ಟುಕೊಳ್ಳುತ್ತದೆ. ವಿದ್ಯುತ್ ಹೋದರೂ ಅವು ಜಾಗ ಬಿಡುವುದಿಲ್ಲ. ಸ್ಲೇಟಿನಲ್ಲಿ ಒರೆಸಿ ಅದೇ ಜಾಗದಲ್ಲಿ ಮತ್ತೆ ಬರೆಯುತ್ತೇವಲ್ಲ, ಹಾಗೆ ಇಲ್ಲಿ ಬರೆಯಲಾಗದು. ಬರೆಯುವುದು ಕೆಲವು ಕಿಲೋಬೈಟ್‌ಗಳ ಸಣ್ಣ ಪುಟಗಳಲ್ಲಿ, ಒರೆಸುವುದು ಮಾತ್ರ ನೂರಾರು ಪುಟಗಳ ಇಡೀ ಬ್ಲಾಕನ್ನು ಒಮ್ಮೆಗೇ. ಅದೂ ಹೆಚ್ಚಿನ ವೋಲ್ಟೇಜ್ ಕೊಟ್ಟು. ಪ್ರತಿ ಸಲ ಒರೆಸಿದಾಗಲೂ ಕೋಶಗಳು ಸವೆಯುತ್ತವೆ, ಕೆಲವು ಸಾವಿರ ಸಲದ ಆಚೆ ಅವು ಬಾಳುವುದಿಲ್ಲ. ಹಾಗಾಗಿ ಚಿಪ್‌ನೊಳಗಿನ ನಿಯಂತ್ರಕ ಸವೆತವನ್ನು ಎಲ್ಲ ಬ್ಲಾಕ್‌ಗಳಿಗೂ ಹಂಚುತ್ತದೆ. ‘ಇಲ್ಲಿ ಸೊನ್ನೆ ಬರೆ’ ಎಂದು ಬ್ರೌಸರ್ ಹೇಳಿದರೆ ಅದು ಇನ್ನೆಲ್ಲೋ ಖಾಲಿ ಪುಟದಲ್ಲಿ ಸೊನ್ನೆ ಬರೆದು, ‘ಇದೇ ಆ ಜಾಗ’ ಎಂದು ತನ್ನ ನಕ್ಷೆ ತಿದ್ದಿಕೊಳ್ಳುತ್ತದೆ. ಹಳೆಯ ಪುಟ ತನ್ನ ಬ್ಲಾಕಿನ ಸರದಿ ಬರುವವರೆಗೆ ಹಾಗೇ ಬಿದ್ದಿರುತ್ತದೆ.

ಕಂಪ್ಯೂಟರುಗಳಲ್ಲಿ ಬಳಸುವ ಫ್ಲ್ಯಾಶ್ ಡ್ರೈವ್‌ಗಳ ಮೇಲೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ತಂಡವೊಂದು 2011ರಲ್ಲಿ ಇದನ್ನು ಅಳೆದು ನೋಡಿತು. ಒಂದು ಕಡತವನ್ನಷ್ಟೇ ಮೇಲೆ ಬರೆದು ಅಳಿಸುವ ಯಾವ ವಿಧಾನವೂ ಕೆಲಸ ಮಾಡಲಿಲ್ಲ. ಚಿಪ್ ಬಿಚ್ಚಿ ನೋಡಿದಾಗ ಕಡತದ ಶೇ 4ರಿಂದ ಶೇ 75ರಷ್ಟು ಭಾಗ ಉಳಿದಿತ್ತು. ಫೋನುಗಳ ಕಥೆ ಇನ್ನೂ ಕಳವಳಕಾರಿಯಾಗಿತ್ತು. ಕೇಂಬ್ರಿಜ್ ವಿಶ್ವವಿದ್ಯಾಲಯದ ಲಾರೆಂಟ್ ಸೈಮನ್ ಮತ್ತು ರಾಸ್ ಆ್ಯಂಡರ್ಸನ್ 2015ರಲ್ಲಿ 21 ಸೆಕೆಂಡ್‌ಹ್ಯಾಂಡ್ ಆಂಡ್ರಾಯ್ಡ್ ಫೋನುಗಳನ್ನು ಪರೀಕ್ಷಿಸಿದರು. ಫ್ಯಾಕ್ಟರಿ ರೀಸೆಟ್ ಮಾಡಿದ ಮೇಲೂ ಅವುಗಳಲ್ಲಿ ಹಳೆಯ ಮಾಲೀಕರ ಸಂದೇಶಗಳು ಮತ್ತು ಗೂಗಲ್ ಖಾತೆಗೆ ಪ್ರವೇಶ ಕೊಡುವ ಗುರುತುಗಳು ಸಿಕ್ಕವು. ಸರಿಯಾಗಿ ಅಳಿಯದ ಇಂಥ ಫೋನುಗಳು ಜಗತ್ತಿನಲ್ಲಿ 50 ಕೋಟಿಯವರೆಗೆ ಇರಬಹುದೆಂದು ಅವರು ಅಂದಾಜು ಮಾಡಿದರು.

ಈ ತೊಡಕಿನಿಂದ ಹೊರಬರಲು ಎಂಜಿನಿಯರ್‌ಗಳು ಕಂಡುಕೊಂಡ ದಾರಿ ನನಗೆ ಬಹಳ ಮೆಚ್ಚುಗೆಯಾದದ್ದು. ಅಳಿಸುವುದು ಕಷ್ಟವಾದರೆ ಮೊದಲಿನಿಂದಲೇ ಓದಲಾಗದಂತೆ ಬರೆಯೋಣ ಎಂದು ಅವರು ಹೊರಟರು. ಇಂದಿನ ಫೋನು ಪ್ರತಿ ಅಕ್ಷರವನ್ನೂ ಎನ್‌ಕ್ರಿಪ್ಟ್ ಮಾಡಿಯೇ ಚಿಪ್‌ಗೆ ಬರೆಯುತ್ತದೆ. ಅದನ್ನು ಬಿಡಿಸುವ ಕೀಲಿಯು ಫೋನಿನ ಸುರಕ್ಷಿತ ಭಾಗಕ್ಕೂ ನಿಮ್ಮ ಪಿನ್‌ಗೂ ಹೊಂದಿಕೊಂಡಿರುತ್ತದೆ. ಚಿಪ್ಪನ್ನೇ ಕಿತ್ತು ಓದಿದವನಿಗೆ ಅರ್ಥವಿಲ್ಲದ ಅಂಕಿಗಳಷ್ಟೇ ಸಿಗುತ್ತವೆ. ಫ್ಯಾಕ್ಟರಿ ರೀಸೆಟ್ ಮಾಡಿದಾಗ ಆ ಕೀಲಿ ನಾಶವಾಗುತ್ತದೆ. ಚಿಪ್ಪಿನಲ್ಲಿ ಏನೇ ಉಳಿದಿದ್ದರೂ ಮತ್ತೆಂದೂ ಓದಲಾಗದು. ಅಗ್ಗದ ಫೋನುಗಳ ಪ್ರೊಸೆಸರ್‌ಗೆ ಈ ಕೆಲಸ ಭಾರವಾಗುತ್ತಿತ್ತು. ಅಂಥವಕ್ಕೆಂದೇ ಗೂಗಲ್ 2019ರಲ್ಲಿ ಅಡಿಯಾಂಟಮ್ ಎಂಬ ಹಗುರ ವಿಧಾನ ತಂದಿತು. ಆಂಡ್ರಾಯ್ಡ್ 10ರೊಂದಿಗೆ ಮಾರುಕಟ್ಟೆಗೆ ಬಂದ ಫೋನುಗಳಿಂದ ಈಚೆಗೆ ಎನ್‌ಕ್ರಿಪ್ಷನ್ ಕಡ್ಡಾಯ. ಬಡವರ ಫೋನಿಗೂ ಶ್ರೀಮಂತರ ಫೋನಿನಷ್ಟೇ ಗುಟ್ಟು ಕಾಯುವ ಶಕ್ತಿ ಬಂದದ್ದು ಸಣ್ಣ ಸಾಧನೆಯಲ್ಲ. ಸ್ಕ್ರೀನ್ ಲಾಕ್ ಇಲ್ಲದ ಫೋನಿನಲ್ಲಿ ಮಾತ್ರ ಇದರ ಅರ್ಧ ಬಲ ವ್ಯರ್ಥ, ಏಕೆಂದರೆ ಕೈಗೆತ್ತಿಕೊಂಡವರಿಗೆಲ್ಲ ಅದು ತಾನಾಗಿ ತೆರೆದುಕೊಳ್ಳುತ್ತದೆ.

ಇಷ್ಟೆಲ್ಲ ಫೋನಿನೊಳಗಿನ ಮಾತು. ನೀವು ತೆರೆದ ಪುಟದ ದಾಖಲೆ ಹೊರಗೂ ಇದೆ, ಅಲ್ಲಿಗೆ ಹಿಸ್ಟರಿಯ ಗುಂಡಿ ಮುಟ್ಟುವುದಿಲ್ಲ. ನಿಮ್ಮ ಸಿಮ್ ಕಂಪನಿ ಯಾವ ಹೊತ್ತಿನಲ್ಲಿ ಯಾವ ಐಪಿ ವಿಳಾಸಕ್ಕೆ ಸಂಪರ್ಕ ಹೋಯಿತೆಂದು ಬರೆದಿಟ್ಟಿರುತ್ತದೆ. ದೂರಸಂಪರ್ಕ ಇಲಾಖೆ 2021ರ ಡಿಸೆಂಬರ್‌ನಲ್ಲಿ ಪರವಾನಗಿ ಷರತ್ತು ತಿದ್ದಿ ಈ ದಾಖಲೆಗಳನ್ನು ಕನಿಷ್ಠ ಎರಡು ವರ್ಷ ಉಳಿಸಬೇಕೆಂದು ಹೇಳಿದೆ. ವಿಳಾಸದ ಮೊದಲಿಗೆ ಎಚ್‌ಟಿಟಿಪಿಎಸ್ ಇದ್ದರೆ ಯಾವ ತಾಣ ಎಂಬುದು ಕಂಪನಿಗೆ ತಿಳಿಯಬಹುದು, ಅಲ್ಲಿ ಯಾವ ಪುಟ ಓದಿದಿರಿ ಎಂಬುದು ತಿಳಿಯದು. ಕ್ರೋಮ್‌ನ ಖಾಸಗಿ ಕಿಟಕಿಯಾದ ಇನ್‌ಕಾಗ್ನಿಟೊ ಕೂಡ ಇದನ್ನು ತಡೆಯುವುದಿಲ್ಲ, ಅದು ಫೋನಿನ ಕಡತಕ್ಕೆ ಸಾಲು ಸೇರದಂತೆ ಮಾತ್ರ ನೋಡಿಕೊಳ್ಳುತ್ತದೆ. ಅದರಲ್ಲಿ ಕುಳಿತರೆ ಯಾರಿಗೂ ಕಾಣುವುದಿಲ್ಲವೆಂದು ನಂಬಿದ ಬಳಕೆದಾರರು ಅಮೆರಿಕದಲ್ಲಿ 2020ರಲ್ಲಿ ಗೂಗಲ್ ಮೇಲೆ ಮೊಕದ್ದಮೆ ಹೂಡಿದರು. 2024ರ ರಾಜಿಯಲ್ಲಿ ನೂರಾರು ಕೋಟಿ ದಾಖಲೆಗಳನ್ನು ಅಳಿಸಲು ಅಥವಾ ಯಾರದೆಂದು ಗುರುತು ಸಿಗದಂತೆ ಮಾಡಲು ಕಂಪನಿ ಒಪ್ಪಿತು.

ನಿಮ್ಮ ಗೂಗಲ್ ಖಾತೆಯಲ್ಲಿ ಸೇರುವ ದಾಖಲೆಯನ್ನು ಮಾತ್ರ ನೀವೇ ತೆಗೆಯಬಹುದು. ಫೋನಿನ ಕ್ರೋಮ್ ತನ್ನ ಪಟ್ಟಿಯನ್ನು 90 ದಿನ ಇಟ್ಟುಕೊಳ್ಳುತ್ತದೆ, ಖಾತೆಯಲ್ಲಿ ಅದಕ್ಕಿಂತ ಬಹಳ ಹೆಚ್ಚು ಕಾಲ ಉಳಿಯಬಹುದು. 2020ರ ಜೂನ್ ನಂತರ ತೆರೆದ ಖಾತೆಗಳಲ್ಲಿ ಇದು 18 ತಿಂಗಳಿಗೆ ತಾನಾಗಿ ಅಳಿಯುವ ಏರ್ಪಾಡಿದೆ. ಅದಕ್ಕಿಂತ ಹಳೆಯ ಖಾತೆಗಳಲ್ಲಿ ನೀವೇ ಹೇಳದಿದ್ದರೆ ಅಳಿಯುವುದಿಲ್ಲ.

ನಮ್ಮ ದೇಶದಲ್ಲಿ ಇದು ಹಕ್ಕಿನ ಪ್ರಶ್ನೆಯೂ ಹೌದು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆಯೇ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದು ಸಾರಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ನಮ್ಮ ಮಾಹಿತಿಯನ್ನು ಅಳಿಸುವಂತೆ ಕಂಪನಿಯನ್ನು ಕೇಳುವ ಹಕ್ಕು ಸೇರಿದೆ.

ಹಳೆಯ ಫೋನು ಮಾರುವ ಅಥವಾ ಮನೆಗೆಲಸದವರಿಗೆ ಕೊಡುವ ಮುನ್ನ ಗೂಗಲ್ ಖಾತೆಯನ್ನು ತೆಗೆದು ಫ್ಯಾಕ್ಟರಿ ರೀಸೆಟ್ ಮಾಡಿ, ಹಿಸ್ಟರಿ ಅಳಿಸಿದರೆ ಸಾಲದು. ಖಾತೆ ತೆಗೆಯದೆ ರೀಸೆಟ್ ಮಾಡಿದರೆ ಮುಂದಿನವರಿಗೆ ಫೋನು ತೆರೆಯದೇ ಹೋಗಬಹುದು. ಇವತ್ತೇ ಐದು ನಿಮಿಷ ಬಿಡುವು ಮಾಡಿಕೊಂಡು ಖಾತೆಯ ‘ವೆಬ್ ಮತ್ತು ಆ್ಯಪ್ ಚಟುವಟಿಕೆ’ ಭಾಗಕ್ಕೆ ಹೋಗಿ, ತಾನಾಗಿ ಅಳಿಯುವ ಅವಧಿಯನ್ನು ಮೂರು ತಿಂಗಳಿಗೆ ಇಳಿಸಿ. ಮನೆಯ ಹಿರಿಯರ ಫೋನಿನಲ್ಲೂ ಇದನ್ನು ಮಾಡಿಕೊಡಿ, ಅವರನ್ನು ಕೇಳಿ, ಅವರ ಎದುರಿಗೇ.